ಶಿಕ್ಷೆ ಮುಗಿಯಿತು ಅಂತ ಹೇಳುವವರು ಯಾರು?

2016ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಶೀನಾ ಮೀಡ್ ಎಂಬುವರು ರಾಜ್ಯದ ಶಾಸನಸಭೆಗೆ ಸ್ಪರ್ಧಿಸಿದರು. ಗಂಡ ಡೆಸ್ಮಂಡ್ ಮೀಡ್ ಕಾನೂನು ಓದಿದವರು. ಆದರೂ ಕಟ್ಟಿಕೊಂಡ ಹೆಂಡತಿಗೆ ಒಂದು ವೋಟು ಹಾಕಲು ಅವರಿಗೆ ಆಗಲಿಲ್ಲ. ಹಿಂದೆ ಅವರಿಗೆ ಶಿಕ್ಷೆಯಾಗಿತ್ತು. ಜೈಲಿನಿಂದ ಹೊರಗೆ ಬಂದಿದ್ದು 2004ರಲ್ಲಿ. ಹನ್ನೆರಡು ವರ್ಷ ಕಳೆದರೂ ರಾಜ್ಯದ ಲೆಕ್ಕದಲ್ಲಿ ಅವರು ಮತದಾರರಲ್ಲ.

ನಮ್ಮಲ್ಲಿ ಇದು ಸುಲಭಕ್ಕೆ ಅರ್ಥವಾಗುವ ವಿಷಯವಲ್ಲ. ಭಾರತದಲ್ಲಿ ಜೈಲಿನ ಒಳಗಿದ್ದಾಗ ವೋಟು ಹಾಕುವಂತಿಲ್ಲ, ಹೊರಗೆ ಬಂದ ಮೇಲೆ ಹಾಕಬಹುದು. ಬಿಡುಗಡೆಯಾದವರು ಯಾರ ಹತ್ತಿರವೂ ಹೋಗಿ 'ನನ್ನ ಹಕ್ಕು ವಾಪಸ್ ಕೊಡಿ' ಅಂತ ಅರ್ಜಿ ಹಾಕಬೇಕಾಗಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಯಾರು ವೋಟು ಹಾಕಬಹುದು ಅನ್ನುವುದನ್ನು ಬಹುಮಟ್ಟಿಗೆ ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಒಂದು ರಾಜ್ಯದಲ್ಲಿ ಜೈಲಿನೊಳಗೆ ಕೂತೇ ವೋಟು ಹಾಕಬಹುದು. ಇನ್ನೊಂದರಲ್ಲಿ ಬಿಡುಗಡೆಯಾಗಿ ಮೊಮ್ಮಕ್ಕಳನ್ನು ಕಂಡ ಮೇಲೂ ಹಾಕುವಂತಿಲ್ಲ.

ಈ ಗೋಜಲನ್ನು ಬಿಡಿಸಿಕೊಳ್ಳಲು ಫ್ಲಾರಿಡಾದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅಲ್ಲಿ ಹಕ್ಕನ್ನು ಕಿತ್ತುಕೊಂಡಿದ್ದೂ ಆಯಿತು, ಜನರೇ ವೋಟು ಹಾಕಿ ವಾಪಸ್ ಕೊಟ್ಟಿದ್ದೂ ಆಯಿತು. ಕೊಟ್ಟಿದ್ದು ಮತ್ತೆ ಅರ್ಧ ಕೈಜಾರಿದ್ದೂ ಆಯಿತು. ಇಷ್ಟಕ್ಕೂ ಜಗಳವೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಒಬ್ಬ ಮನುಷ್ಯನ ಶಿಕ್ಷೆ ಯಾವತ್ತಿಗೆ ಮುಗಿಯುತ್ತದೆ? ಮುಗಿಯಿತು ಅಂತ ಹೇಳುವವರು ಯಾರು?

ಮೊದಲು 'ಫೆಲನಿ' ಅನ್ನುವ ಪದ ನೋಡೋಣ. ಅಮೆರಿಕದಲ್ಲಿ ಅಪರಾಧಗಳನ್ನು ಎರಡು ದೊಡ್ಡ ಗುಂಪು ಮಾಡುತ್ತಾರೆ. ಸಣ್ಣವು ಮಿಸ್‌ಡಿಮೀನರ್. ದೊಡ್ಡವು ಫೆಲನಿ. ಒಂದು ವರ್ಷಕ್ಕಿಂತ ಜಾಸ್ತಿ ಜೈಲುಶಿಕ್ಷೆ ವಿಧಿಸಬಹುದಾದ ಅಪರಾಧಗಳು ಸಾಮಾನ್ಯವಾಗಿ ಫೆಲನಿ. ಪದ ಕೇಳಿದ ಕೂಡಲೇ ಕೊಲೆ, ದರೋಡೆ ಕಣ್ಣಮುಂದೆ ಬರುತ್ತದೆ. ಆದರೆ ಫ್ಲಾರಿಡಾದಲ್ಲಿ 2019ರವರೆಗೆ 300 ಡಾಲರ್ ಬೆಲೆಯ ವಸ್ತು ಕದ್ದರೂ ಅದು ಫೆಲನಿಯೇ ಆಗಿತ್ತು. ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆ ಅಷ್ಟಿರುತ್ತದೆ. 2019ರಲ್ಲಿ ಆ ಮಿತಿಯನ್ನು 750 ಡಾಲರಿಗೆ ಏರಿಸಿದರು. ಹಾಗಾಗಿ ಫೆಲನಿ ದಾಖಲೆ ಇರುವವರು ಅಂದರೆ ಎಲ್ಲರೂ ಭಯಂಕರ ಅಪರಾಧಿಗಳು ಅಂದುಕೊಳ್ಳಬಾರದು. ಹತ್ತೊಂಬತ್ತರ ವಯಸ್ಸಿನಲ್ಲಿ ಅಂಗಡಿಯಿಂದ ಏನೋ ಎತ್ತಿಕೊಂಡವರೂ ಆ ಪಟ್ಟಿಯಲ್ಲಿದ್ದಾರೆ, ಮಾದಕ ವಸ್ತು ಜೇಬಿನಲ್ಲಿ ಇಟ್ಟುಕೊಂಡು ಸಿಕ್ಕಿಬಿದ್ದವರೂ ಇದ್ದಾರೆ.

ಈ ಕಾನೂನು ಎಲ್ಲಿಂದ ಬಂತು? ಇದಕ್ಕೆ 1860ರ ದಶಕಕ್ಕೆ ಹೋಗಬೇಕು. ಅಂತರ್ಯುದ್ಧ ಮುಗಿದಿತ್ತು, ಗುಲಾಮಗಿರಿ ರದ್ದಾಗಿತ್ತು. ದಕ್ಷಿಣದ ರಾಜ್ಯಗಳು ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಟ್ಟು ಹೊಸ ಸಂವಿಧಾನ ಬರೆದುಕೊಳ್ಳಬೇಕು ಅಂತ ದೆಹಲಿಯಂತೆ ಅಲ್ಲಿನ ಕೇಂದ್ರವಾದ ವಾಷಿಂಗ್ಟನ್ ಕಟ್ಟಪ್ಪಣೆ ಮಾಡಿತು. ಫ್ಲಾರಿಡಾ 1868ರಲ್ಲಿ ಬರೆದುಕೊಂಡಿತು. ಒಂದು ಕೈಯಲ್ಲಿ ಹಕ್ಕು ಕೊಟ್ಟಿತು. ಇನ್ನೊಂದು ಕೈಯಲ್ಲಿ, ಫೆಲನಿ ಶಿಕ್ಷೆಯಾದವರಿಗೆ ವೋಟಿಲ್ಲ ಅಂತ ಸೇರಿಸಿತು. ಕಳ್ಳತನದಂಥ ಅಪರಾಧಗಳನ್ನೂ ಅದರೊಳಗೆ ತಂದಿತು. ಆಗಷ್ಟೇ ಗುಲಾಮಗಿರಿಯಿಂದ ಹೊರಬಂದು, ಹೊಟ್ಟೆಪಾಡಿಗೆ ಅಲೆಯುತ್ತಿದ್ದ ಜನರನ್ನು ಪೊಲೀಸರು ಯಾವ ಕೇಸಿನಲ್ಲಿ ಹಿಡಿಯುತ್ತಿದ್ದರು ಅನ್ನುವುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಬೇರೆ ರಾಜ್ಯಗಳು ಇದನ್ನು ಮುಚ್ಚಿಡಲೂ ಇಲ್ಲ. ಮಿಸಿಸಿಪಿ 1890ರಲ್ಲಿ ಸಂವಿಧಾನ ಬದಲಿಸಿದಾಗ ಮತದಾನದ ಹಕ್ಕು ಹೋಗುವ ಅಪರಾಧಗಳ ಪಟ್ಟಿ ಮಾಡಿತು. ಕಳ್ಳತನ, ಬೆಂಕಿ ಹಚ್ಚುವುದು, ಸುಳ್ಳು ಸಹಿ, ಇಬ್ಬರನ್ನು ಮದುವೆಯಾಗುವುದು ಎಲ್ಲ ಇತ್ತು. ಕೊಲೆ ಇರಲಿಲ್ಲ! ಅತ್ಯಾಚಾರವೂ ಇರಲಿಲ್ಲ. ಕಪ್ಪು ಜನರು ಜಾಸ್ತಿ ಮಾಡುತ್ತಾರೆ ಅಂತ ತಾವು ನಂಬಿದ್ದ ಅಪರಾಧಗಳನ್ನಷ್ಟೇ ಆರಿಸಿ ಹಾಕಿದ್ದರು. ಕೊಲೆ ಆ ಪಟ್ಟಿಗೆ ಸೇರಿದ್ದು 1968ರಲ್ಲಿ. ಅಲಬಾಮಾದ 1901ರ ಸಂವಿಧಾನ ಸಭೆಯಲ್ಲಂತೂ ಅಧ್ಯಕ್ಷ ಜಾನ್ ನಾಕ್ಸ್ ಎದ್ದು ನಿಂತು, ಈ ರಾಜ್ಯದಲ್ಲಿ ಬಿಳಿಯರ ಪ್ರಾಬಲ್ಯ ಸ್ಥಾಪಿಸುವುದೇ ನಮ್ಮ ಉದ್ದೇಶ ಅಂತ ಬಾಯಿಬಿಟ್ಟು ಹೇಳಿದರು. ಆ ಮಾತೇ ಮುಂದೆ ಸಾಕ್ಷಿಯಾಗಿ, 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅಪರಾಧಿಗಳ ವೋಟು ಕಿತ್ತುಕೊಳ್ಳಲು ಆ ಸಭೆ ಬರೆದ ನಿಯಮವನ್ನು ಹೊಡೆದುಹಾಕಿತು.

ಹಾಗಾದರೆ ಎಲ್ಲ ರಾಜ್ಯಗಳ ಕಾನೂನೂ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ಅದಕ್ಕೆ ಕಾರಣ ಸಂವಿಧಾನದ 14ನೇ ತಿದ್ದುಪಡಿಯ ಒಂದು ತುಣುಕು. ಯಾವುದಾದರೂ ರಾಜ್ಯ ಗಂಡಸರ ಮತದಾನದ ಹಕ್ಕನ್ನು ಕಿತ್ತುಕೊಂಡರೆ ಸಂಸತ್ತಿನಲ್ಲಿ ಆ ರಾಜ್ಯದ ಸ್ಥಾನ ಕಡಿಮೆ ಮಾಡಬೇಕು ಅಂತ ಅದರಲ್ಲಿದೆ. ಜೊತೆಗೆ ಒಂದು ವಿನಾಯಿತಿಯೂ ಇದೆ: ದಂಗೆಯಲ್ಲಿ ಭಾಗವಹಿಸಿದ ಕಾರಣಕ್ಕೋ 'ಇತರ ಅಪರಾಧ'ದ ಕಾರಣಕ್ಕೋ ಹಕ್ಕು ಹೋಗಿದ್ದರೆ ಈ ದಂಡನೆ ಇಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಎರಡು ಪದಗಳನ್ನೇ ಹಿಡಿದುಕೊಂಡು, ಅಪರಾಧಿಗಳ ಮತದಾನದ ಹಕ್ಕನ್ನು ರಾಜ್ಯಗಳು ತೆಗೆಯಬಹುದು ಅಂತ ತೀರ್ಪು ಕೊಟ್ಟಿತು. ಇವತ್ತಿಗೂ ಅದೇ ಚಾಲ್ತಿಯಲ್ಲಿದೆ. ಜನಾಂಗಭೇದದ ಉದ್ದೇಶ ಇತ್ತು ಅಂತ ನೇರವಾಗಿ ಸಾಬೀತಾದರೆ ಮಾತ್ರ ಕಾನೂನು ಬೀಳುತ್ತದೆ. ಎಲ್ಲ ಕಡೆಯೂ ಒಬ್ಬ ಜಾನ್ ನಾಕ್ಸ್ ಹಾಗೆ ಬಾಯಿಬಿಟ್ಟಿರುವುದಿಲ್ಲ.

ಇನ್ನು ಫ್ಲಾರಿಡಾಕ್ಕೆ ಬರೋಣ. ಅಲ್ಲಿ ಫೆಲನಿ ಶಿಕ್ಷೆಯಾದರೆ ಮತದಾನದ ಹಕ್ಕು ಜೀವಮಾನಪೂರ್ತಿ ಹೋಗುತ್ತಿತ್ತು. ವಾಪಸ್ ಬೇಕಾದರೆ ರಾಜಧಾನಿ ಟ್ಯಾಲಹಾಸಿಯಲ್ಲಿರುವ ಕ್ಷಮಾದಾನ ಮಂಡಳಿಗೆ ಅರ್ಜಿ ಹಾಕಬೇಕು. ಮಂಡಳಿ ಅಂದರೆ ಗವರ್ನರ್ ಮತ್ತು ಮೂವರು ಸಂಪುಟ ಸದಸ್ಯರು. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ಅಲ್ಲ. ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ.) ವರ್ಷಕ್ಕೆ ನಾಲ್ಕು ಸಲ ಸಭೆ. ಅರ್ಜಿದಾರರು ಎದುರಿಗೆ ನಿಂತು, ಕುಡಿತ ಬಿಟ್ಟೆಯಾ, ಚರ್ಚಿಗೆ ಹೋಗುತ್ತೀಯಾ, ವೇಗದ ಚಾಲನೆಗೆ ಎಷ್ಟು ಸಲ ದಂಡ ಕಟ್ಟಿದ್ದೀಯಾ ಅನ್ನುವಂಥ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಇಂಥದ್ದಿದ್ದರೆ ಹಕ್ಕು ಕೊಡಬೇಕು, ಇಂಥದ್ದಿಲ್ಲದಿದ್ದರೆ ಕೊಡಬಾರದು ಅನ್ನುವ ನಿಯಮವೇ ಇರಲಿಲ್ಲ. ಗವರ್ನರ್ ಆಗಿದ್ದ ರಿಕ್ ಸ್ಕಾಟ್ ಒಂದು ವಿಚಾರಣೆಯಲ್ಲಿ, ಇದಕ್ಕೆ ಮಾನದಂಡ ಅಂತ ಏನೂ ಇಲ್ಲ, ನಾವು ಏನು ಬೇಕಾದರೂ ಮಾಡಬಹುದು ಅಂತಲೇ ಹೇಳಿದ್ದರು.

ಗವರ್ನರ್ ಬದಲಾದರೆ ಜನರ ಹಣೆಬರಹವೂ ಬದಲಾಗುತ್ತಿತ್ತು. 2007ರಲ್ಲಿ ಚಾರ್ಲಿ ಕ್ರಿಸ್ಟ್ ನಿಯಮ ಸಡಿಲಿಸಿದರು. ನಾಲ್ಕು ವರ್ಷದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರಿಗೆ ಹಕ್ಕು ಮರಳಿತು. 2011ರಲ್ಲಿ ರಿಕ್ ಸ್ಕಾಟ್ ಬಂದವರೇ ಅದನ್ನು ರದ್ದು ಮಾಡಿದರು. ಶಿಕ್ಷೆ ಮುಗಿದ ಮೇಲೆ ಐದು ಅಥವಾ ಏಳು ವರ್ಷ ಕಾದ ನಂತರವೇ ಅರ್ಜಿ ಅಂತಾಯಿತು. ಅವರ ಎಂಟು ವರ್ಷದ ಆಡಳಿತದಲ್ಲಿ ಹಕ್ಕು ಮರಳಿ ಸಿಕ್ಕಿದ್ದು ಹೆಚ್ಚುಕಡಿಮೆ ಮೂರು ಸಾವಿರ ಜನರಿಗೆ. 2016ರ ಹೊತ್ತಿಗೆ ಫ್ಲಾರಿಡಾದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನ ಹೀಗೆ ವೋಟು ಕಳೆದುಕೊಂಡಿದ್ದರು. ಕಪ್ಪು ಜನರಲ್ಲಿ ಐದರಲ್ಲಿ ಒಬ್ಬರು. 2000ದಲ್ಲಿ ಇದೇ ರಾಜ್ಯದಲ್ಲಿ ಬರೀ 537 ವೋಟುಗಳ ಅಂತರದಲ್ಲಿ ಅಮೆರಿಕದ ಅಧ್ಯಕ್ಷರ ಆಯ್ಕೆ ಆಗಿತ್ತು ಅನ್ನುವುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆ ನೋಡಬೇಕು.

ಈಗ ಮತ್ತೆ ಡೆಸ್ಮಂಡ್ ಮೀಡ್. 2005ರ ಆಗಸ್ಟ್‌ನಲ್ಲಿ ಅವರು ಮಯಾಮಿಯ ಒಂದು ರೈಲು ಹಳಿಯ ಪಕ್ಕ ನಿಂತಿದ್ದರು. ಮನೆ ಇಲ್ಲ, ಕೆಲಸ ಇಲ್ಲ, ಮಾದಕ ವಸ್ತುವಿನ ಚಟ ಬಿಟ್ಟಿರಲಿಲ್ಲ. ಬದುಕು ಮುಗಿಸಿಕೊಳ್ಳಲು ರೈಲಿಗೆ ಕಾಯುತ್ತಿದ್ದರು. ರೈಲು ಬರಲಿಲ್ಲ. ಹಳಿ ದಾಟಿ ನಡೆದುಕೊಂಡು ಹೋಗಿ ಚಟ ಬಿಡಿಸುವ ಕೇಂದ್ರಕ್ಕೆ ಸೇರಿದರು. ಆಮೇಲೆ ಕಾಲೇಜು, ಆಮೇಲೆ ಕಾನೂನು ಪದವಿ. ಈ ನಡುವೆ ಶಿಕ್ಷೆ ಅನುಭವಿಸಿ ಬಂದವರ ಒಂದು ಸಂಘಟನೆಯ ಮುಂದಾಳಾದರು. ಫ್ಲಾರಿಡಾ ಹಕ್ಕು ಮರುಸ್ಥಾಪನಾ ಒಕ್ಕೂಟ ಅಂತ ಅದನ್ನು ಕನ್ನಡದಲ್ಲಿ ಕರೆಯಬಹುದು. ಗವರ್ನರ್ ಮರ್ಜಿ ಬೇಡ, ಸಂವಿಧಾನವನ್ನೇ ಬದಲಿಸೋಣ ಅಂತ ಹೊರಟರು.

ಫ್ಲಾರಿಡಾದಲ್ಲಿ ಜನರೇ ಸಹಿ ಸಂಗ್ರಹಿಸಿ ಸಂವಿಧಾನ ತಿದ್ದುಪಡಿಯನ್ನು ಮತಕ್ಕೆ ಹಾಕಿಸಬಹುದು. ಅದಕ್ಕೆ 7,66,200 ಮತದಾರರ ಸಹಿ ಬೇಕಿತ್ತು. ಚುನಾವಣೆಯಲ್ಲಿ ನೂರಕ್ಕೆ ಅರವತ್ತು ವೋಟು ಬೀಳಬೇಕು, ಐವತ್ತೊಂದು ಸಾಲದು. ಸಹಿಗಾಗಿ ಮಾರ್ಕೆಟ್ಟು, ಪಾರ್ಕು, ಚರ್ಚು ಸುತ್ತಿದರು. ಇದನ್ನು ಒಂದು ಪಕ್ಷದ ವಿಷಯವಾಗಲು ಅವರು ಬಿಡಲಿಲ್ಲ. ಮೀಡ್ ಜೊತೆ ಹೆಗಲು ಕೊಟ್ಟು ದುಡಿದ ನೀಲ್ ವೋಲ್ಜ್ ರಿಪಬ್ಲಿಕನ್ ಪಕ್ಷದವರು, ಒಂದು ಭ್ರಷ್ಟಾಚಾರ ಪ್ರಕರಣದಲ್ಲಿ ಶಿಕ್ಷೆಯಾದವರು. 'ನೀವು ಪ್ರೀತಿಸುವ ಯಾರಾದರೂ ಯಾವತ್ತಾದರೂ ತಪ್ಪು ಮಾಡಿದ್ದಾರಾ?' ಅನ್ನುವ ಧಾಟಿಯಲ್ಲೇ ಪ್ರಚಾರ ನಡೆಯಿತು. ಯಾರ ಮನೆಯಲ್ಲಿ ಅಂಥ ಒಬ್ಬರು ಇರುವುದಿಲ್ಲ, ಹೇಳಿ?

2018ರ ನವೆಂಬರ್ 6ರಂದು ಮತದಾನವಾಯಿತು. ಇದಕ್ಕೆ ನಾಲ್ಕನೇ ತಿದ್ದುಪಡಿ ಅಂತ ಹೆಸರು. 51 ಲಕ್ಷಕ್ಕೂ ಜಾಸ್ತಿ ಜನ ಹೌದು ಅಂದರು, ನೂರಕ್ಕೆ 64ಕ್ಕಿಂತ ಹೆಚ್ಚು. ಅದೇ ದಿನ ಗವರ್ನರ್ ಆಗಿ ಗೆದ್ದ ರಾನ್ ಡಿಸ್ಯಾಂಟಿಸ್‌ಗೆ ಬಿದ್ದ ವೋಟಿಗಿಂತ ಈ ತಿದ್ದುಪಡಿಗೆ ಹತ್ತು ಲಕ್ಷ ಜಾಸ್ತಿ ವೋಟು ಬಿದ್ದಿತ್ತು. ಅಂದರೆ ಡಿಸ್ಯಾಂಟಿಸ್‌ಗೆ ವೋಟು ಹಾಕಿದ ಎಷ್ಟೋ ಜನ ಇದಕ್ಕೂ ಹಾಕಿದ್ದರು. ಸುಮಾರು 14 ಲಕ್ಷ ಜನರಿಗೆ ಹಕ್ಕು ಮರಳುತ್ತದೆ ಅಂತ ಆಗ ಎಲ್ಲ ಕಡೆ ಸುದ್ದಿಯಾಯಿತು. 2019ರ ಜನವರಿ 8ರಂದು ತಿದ್ದುಪಡಿ ಜಾರಿಗೆ ಬಂತು. ಅವತ್ತೇ ಮೀಡ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒರ್ಲ್ಯಾಂಡೋದ ಚುನಾವಣಾ ಕಚೇರಿಗೆ ಹೋಗಿ ಮತದಾರರ ನೋಂದಣಿ ಫಾರಂ ತುಂಬಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ತಿದ್ದುಪಡಿಯ ಒಕ್ಕಣೆ ಹೀಗಿತ್ತು: ಕೊಲೆ ಮತ್ತು ಲೈಂಗಿಕ ಅಪರಾಧ ಬಿಟ್ಟು ಉಳಿದ ಫೆಲನಿಗಳಲ್ಲಿ, ಪರೋಲ್ ಮತ್ತು ಪ್ರೊಬೇಷನ್ ಸೇರಿದಂತೆ 'ಶಿಕ್ಷೆಯ ಎಲ್ಲ ಷರತ್ತುಗಳೂ ಪೂರ್ಣಗೊಂಡ ಮೇಲೆ' ಹಕ್ಕು ಮರಳುತ್ತದೆ. ಪರೋಲ್, ಪ್ರೊಬೇಷನ್ ಅಂದರೆ ಜೈಲಿನ ಹೊರಗಿದ್ದರೂ ಅಧಿಕಾರಿಯ ನಿಗಾದಲ್ಲಿರುವ ಅವಧಿ. ಅದು ಎಲ್ಲರಿಗೂ ಗೊತ್ತು. ಆದರೆ 'ಎಲ್ಲ ಷರತ್ತು' ಅಂದರೆ ಏನೇನು? ಕೋರ್ಟು ಹಾಕಿದ ದಂಡವೂ ಸೇರುತ್ತದಾ? ಕೋರ್ಟಿನ ಫೀಸು?

2019ರ ಜೂನ್‌ನಲ್ಲಿ ರಾಜ್ಯದ ಶಾಸನಸಭೆ ಮಾಡಿದ ಕಾನೂನಿಗೆ ಡಿಸ್ಯಾಂಟಿಸ್ ಸಹಿ ಹಾಕಿದರು. ಶಿಕ್ಷೆಯ ಜೊತೆ ವಿಧಿಸಿದ ದಂಡ, ಫೀಸು, ವೆಚ್ಚ, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ, ಎಲ್ಲವನ್ನೂ ಕಟ್ಟಿದ ಮೇಲೆಯೇ ಶಿಕ್ಷೆ ಪೂರ್ಣ ಅಂತ ಆ ಕಾನೂನು ಹೇಳಿತು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿದೆ ಅನ್ನಿಸಬಹುದು. ಸಾಲ ತೀರಿಸಲಿ, ಆಮೇಲೆ ವೋಟು ಹಾಕಲಿ ಅಂತ. ನನಗೂ ಮೊದಲು ಓದಿದಾಗ ಹಾಗೇ ಅನ್ನಿಸಿತ್ತು. ಆದರೆ ಈ ಸಾಲ ಹೇಗೆ ಬೆಳೆಯುತ್ತದೆ ಅಂತ ಹತ್ತಿರದಿಂದ ನೋಡಬೇಕು. ಫ್ಲಾರಿಡಾದಲ್ಲಿ ಕೋರ್ಟುಗಳ ಗುಮಾಸ್ತರ ಕಚೇರಿಗಳು ನಡೆಯುವುದೇ ಹೆಚ್ಚಾಗಿ ಈ ಫೀಸು ಮತ್ತು ದಂಡದ ದುಡ್ಡಿನಿಂದ. ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲ, ಸರ್ಕಾರವೇ ಒಬ್ಬರನ್ನು ಕೊಡಲಿ ಅಂತ ಅರ್ಜಿ ಹಾಕಬೇಕಾ? ಆ ಅರ್ಜಿಗೇ 50 ಡಾಲರ್ ಫೀಸು. ಫೆಲನಿ ಶಿಕ್ಷೆಯಾದರೆ ಸರ್ಕಾರ ಕೊಟ್ಟ ಆ ವಕೀಲರಿಗೆ ಕನಿಷ್ಠ 100 ಡಾಲರ್. ನಿಮ್ಮ ವಿರುದ್ಧ ವಾದಿಸಿದ ಸರ್ಕಾರದ ವೆಚ್ಚಕ್ಕೆ ಇನ್ನೊಂದು 100. ಇದರ ಮೇಲೆ ಬೇರೆ ಬೇರೆ ನಿಧಿಗಳ ಹೆಸರಿನಲ್ಲಿ ಇನ್ನಷ್ಟು. ತೊಂಬತ್ತು ದಿನದಲ್ಲಿ ಕಟ್ಟದಿದ್ದರೆ ವಸೂಲಿ ಕಂಪನಿಗೆ ಹೋಗುತ್ತದೆ. ಅವರು ನೂರಕ್ಕೆ ನಲವತ್ತರವರೆಗೆ ಮೇಲೆ ಸೇರಿಸಬಹುದು. (ವೋಟಿನ ಹಕ್ಕಿಗೆ ಈ ಹೆಚ್ಚುವರಿ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಕಟ್ಟುವವರಿಗೆ ಹೊರೆಯೇ.) ಜೈಲಿನಿಂದ ಬಂದವರಿಗೆ ಕೆಲಸ ಸಿಗುವುದೇ ಕಷ್ಟ. ಕೈಯಲ್ಲಿ ಕಾಸಿಲ್ಲದೆ ಕಟ್ಟುವುದು ಎಲ್ಲಿಂದ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳೇ ಅದು. ಯಾರು ಎಷ್ಟು ಬಾಕಿ ಇಟ್ಟಿದ್ದಾರೆ ಅನ್ನುವುದು ರಾಜ್ಯಕ್ಕೇ ಗೊತ್ತಿಲ್ಲ. ಫ್ಲಾರಿಡಾದಲ್ಲಿ ನಮ್ಮ ಜಿಲ್ಲೆಗಳಂಥ 67 ಕೌಂಟಿಗಳಿವೆ, ಒಂದೊಂದಕ್ಕೂ ಬೇರೆ ಗುಮಾಸ್ತರು, ಬೇರೆ ಕಡತ. ಎಲ್ಲವನ್ನೂ ಒಂದೆಡೆ ಇಟ್ಟ ಪಟ್ಟಿ ಇಲ್ಲ. ಮೂವತ್ತು ವರ್ಷ ಹಳೆಯ ಕೇಸಿನ ಕಾಗದ ಗೋದಾಮಿನಲ್ಲಿರಬಹುದು, ಇಲ್ಲದೆಯೂ ಇರಬಹುದು. ಸಂತ್ರಸ್ತರಿಗೆ ಕೊಟ್ಟ ಪರಿಹಾರದ ಲೆಕ್ಕ ಗುಮಾಸ್ತರ ಹತ್ತಿರ ಇರಲೇಬೇಕು ಅಂತಲೂ ಇಲ್ಲ.

ಈ ಕಾನೂನನ್ನು ಪ್ರಶ್ನಿಸಿದ ಕೇಸು ರಾಬರ್ಟ್ ಹಿಂಕಲ್ ಎಂಬ ಫೆಡರಲ್ (ಅಂದರೆ ಕೇಂದ್ರದ) ನ್ಯಾಯಾಧೀಶರ ಮುಂದೆ ಬಂತು. ಅಲ್ಲಿ ಒಂದು ಪ್ರಯೋಗದ ವಿವರ ಹೊರಬಿತ್ತು. ಈ ವಿಷಯದಲ್ಲೇ ಪಳಗಿದ ಒಬ್ಬ ಪ್ರೊಫೆಸರ್, ಜೊತೆಗೆ ಅವರ ಪಿಎಚ್‌ಡಿ ವಿದ್ಯಾರ್ಥಿಗಳ ತಂಡ. ಸುಮ್ನೆ ಕಣ್ಣುಮುಚ್ಚಿ ಆರಿಸಿದಂತೆ 153 ಜನರ ಹೆಸರು ತೆಗೆದುಕೊಂಡು, ಅವರವರ ಬಾಕಿ ಎಷ್ಟು ಅಂತ ಹುಡುಕಲು ಹೊರಟರು. ಆನ್‌ಲೈನ್‌ನಲ್ಲಿ ನೋಡಿದರು, ಫೋನ್ ಮಾಡಿದರು, ಬಹಳ ದಿನ ಬೆನ್ನುಬಿದ್ದರು. ಕೊನೆಗೆ ದಾಖಲೆಗಳು ಒಂದಕ್ಕೊಂದು ತಾಳೆಯಾಗಿದ್ದು ಮೂರೇ ಜನರದ್ದು. ಉಳಿದ 150 ಜನರ ಲೆಕ್ಕದಲ್ಲಿ ಒಂದು ಕಡೆ ಒಂದು ಅಂಕಿ, ಇನ್ನೊಂದು ಕಡೆ ಇನ್ನೊಂದು. ವಿಶ್ವವಿದ್ಯಾಲಯದ ತಂಡಕ್ಕೇ ಆಗದ ಕೆಲಸವನ್ನು ದಿನಗೂಲಿಗೆ ಹೋಗುವ ಒಬ್ಬ ಮನುಷ್ಯ, ಒಂದು ದಿನ ರಜೆ ಹಾಕಿ, ಬಸ್ಸು ಹಿಡಿದು ಬಂದು, ಕೌಂಟರಿನ ಮುಂದೆ ನಿಂತು ಮಾಡಬೇಕು.

ಹಿಂಕಲ್ 2020ರ ಮೇ ತಿಂಗಳಲ್ಲಿ ಇದನ್ನು 'ದುಡ್ಡು ಕೊಟ್ಟು ವೋಟು ಹಾಕುವ ವ್ಯವಸ್ಥೆ' ಅಂತ ಕರೆದು, ಕಟ್ಟುವ ಶಕ್ತಿ ಇಲ್ಲದವರಿಗೂ ಬಾಕಿ ಎಷ್ಟೆಂದು ತಿಳಿಯಲಾಗದವರಿಗೂ ಇದನ್ನು ಹೇರುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಅವರ ಮುಂದಿದ್ದ ಅಂದಾಜಿನ ಪ್ರಕಾರ, ಬಾಕಿಯ ಕಾರಣಕ್ಕೇ ವೋಟು ತಪ್ಪುವವರು ಏಳು ಲಕ್ಷಕ್ಕೂ ಜಾಸ್ತಿ. ನೋಂದಣಿಗೆ ಅರ್ಜಿ ಹಾಕಿದ್ದ 85,000 ಜನರ ಕಡತಗಳನ್ನು ರಾಜ್ಯ ಇನ್ನೂ ಪರಿಶೀಲಿಸಬೇಕಿತ್ತು. ಅದು ಹೇಳಿದ ವೇಗದಲ್ಲಿ ಹೋದರೆ 2026ರವರೆಗಾದರೂ ಬೇಕು ಅಂತ ಲೆಕ್ಕ.

ತೀರ್ಪು ಉಳಿಯಲಿಲ್ಲ. 2020ರ ಸೆಪ್ಟೆಂಬರ್ 11ರಂದು ಮೇಲ್ಮನವಿ ಕೋರ್ಟು 6-4 ಬಹುಮತದಿಂದ ಅದನ್ನು ತಳ್ಳಿಹಾಕಿತು. ಅಧ್ಯಕ್ಷೀಯ ಚುನಾವಣೆಗೆ ಎರಡೇ ತಿಂಗಳು ಉಳಿದಿತ್ತು. ಅಮೆರಿಕದ ಸಂವಿಧಾನದ 24ನೇ ತಿದ್ದುಪಡಿ, ತೆರಿಗೆ ಕಟ್ಟದ ಕಾರಣಕ್ಕೆ ವೋಟು ನಿರಾಕರಿಸಬಾರದು ಅನ್ನುತ್ತದೆ. ದಕ್ಷಿಣದ ರಾಜ್ಯಗಳು ಬಡವರನ್ನೂ ಕಪ್ಪು ಜನರನ್ನೂ ದೂರ ಇಡಲು ಹಾಕುತ್ತಿದ್ದ ಮತ ತೆರಿಗೆಯನ್ನು ತಡೆಯಲು 1964ರಲ್ಲಿ ಬಂದದ್ದು ಅದು. ಕೋರ್ಟಿನ ಫೀಸು ಕೂಡ ತೆರಿಗೆಯೇ ಅಲ್ಲವೇ ಅನ್ನುವ ವಾದವನ್ನು ಬಹುಮತದ ನ್ಯಾಯಾಧೀಶರು ಒಪ್ಪಲಿಲ್ಲ. ಅದು ಶಿಕ್ಷೆಯ ಭಾಗ ಅಂದರು. ಬಾಕಿ ಎಷ್ಟಿದೆ ಅಂತ ಹುಡುಕಿಕೊಳ್ಳುವುದು ಮತದಾರರ ಹೊಣೆ, ಹುಡುಕಿ ಕೊಡುವುದು ರಾಜ್ಯದ ಹೊಣೆಯಲ್ಲ ಅಂತಲೂ ಹೇಳಿದರು.

ಕಾನೂನನ್ನು ಬೆಂಬಲಿಸುವವರ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಳ್ಳತನವಾದ ಮನೆಯವರಿಗೆ, ಮೋಸಹೋದ ಮುದುಕರಿಗೆ ಬರಬೇಕಾದ ಪರಿಹಾರ ಬರಲೇಬೇಕು. ಆದರೆ ಮತದಾನದ ಹಕ್ಕು ಕೊಟ್ಟ ಮಾತ್ರಕ್ಕೆ ಆ ಸಾಲ ಮನ್ನಾ ಆಗುವುದಿಲ್ಲ. ಬೇರೆ ಎಲ್ಲ ಸಾಲದಂತೆ ಅದನ್ನೂ ವಸೂಲಿ ಮಾಡಬಹುದು. ಆದಾಯ ತೆರಿಗೆ ಬಾಕಿ ಇರುವ ಕೋಟ್ಯಧೀಶರನ್ನು ಯಾರೂ ಮತಗಟ್ಟೆಯಿಂದ ವಾಪಸ್ ಕಳಿಸುವುದಿಲ್ಲ. ಈ ಕಾನೂನಿನಲ್ಲಿ ಒಂದೇ ಅಪರಾಧ, ಒಂದೇ ಶಿಕ್ಷೆ ಪಡೆದ ಇಬ್ಬರಲ್ಲಿ ದುಡ್ಡಿರುವವರು ವೋಟು ಹಾಕುತ್ತಾರೆ, ಇಲ್ಲದವರು ಹಾಕುವುದಿಲ್ಲ. ಇದು ನನಗೆ ಯಾವ ರೀತಿಯಿಂದಲೂ ಸರಿ ಅನ್ನಿಸುವುದಿಲ್ಲ.

ಮೀಡ್ ಅವರ ಸಂಘಟನೆ ಸುಮ್ಮನೆ ಕೂರಲಿಲ್ಲ. ದೇಣಿಗೆ ಎತ್ತಿ, 2020ರಲ್ಲಿ ಎರಡು ಕೋಟಿ ಡಾಲರಿಗೂ ಜಾಸ್ತಿ ಸೇರಿಸಿ, ಸಾವಿರಾರು ಜನರ ಬಾಕಿಯನ್ನು ತಾನೇ ಕಟ್ಟಿತು. ಇನ್ನು ಕೆಲವು ಕಡೆ ನ್ಯಾಯಾಧೀಶರು ಬಾಕಿಯನ್ನು ಮನ್ನಾ ಮಾಡಿದರು, ಇಲ್ಲವೇ ಸಮಾಜಸೇವೆಯ ಗಂಟೆಗಳಾಗಿ ಬದಲಿಸಿದರು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಇದಕ್ಕೆ ಕೈಜೋಡಿಸುವ ಮನಸ್ಸಿರುವ, ಸರ್ಕಾರದ ಪರ ವಾದಿಸುವ ವಕೀಲರು ಎಲ್ಲ ಕೌಂಟಿಯಲ್ಲೂ ಇರುವುದಿಲ್ಲ.

ಗೊಂದಲದ ಬೆಲೆ ತೆತ್ತವರು ಯಾರು ಅನ್ನುವುದು 2022ರಲ್ಲಿ ಕಾಣಿಸಿತು. ಆ ವರ್ಷ ಫ್ಲಾರಿಡಾ ಚುನಾವಣಾ ಅಪರಾಧಗಳಿಗೆಂದೇ ಒಂದು ಹೊಸ ಕಚೇರಿ ತೆರೆದಿತ್ತು. ಆಗಸ್ಟ್ 18ರಂದು ಡಿಸ್ಯಾಂಟಿಸ್ ಪತ್ರಿಕಾಗೋಷ್ಠಿ ಕರೆದು, ಅಕ್ರಮವಾಗಿ ವೋಟು ಹಾಕಿದ 20 ಜನರ ಬಂಧನವನ್ನು ಘೋಷಿಸಿದರು. ಎಲ್ಲರಿಗೂ ಹಿಂದೆ ಕೊಲೆ ಅಥವಾ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ಅಂದರೆ ನಾಲ್ಕನೇ ತಿದ್ದುಪಡಿ ಅವರಿಗೆ ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಅವರು ನೋಂದಣಿಗೆ ಅರ್ಜಿ ಹಾಕಿದ್ದರು, ಸರ್ಕಾರ ಅರ್ಜಿ ತೆಗೆದುಕೊಂಡು ಮತದಾರರ ಕಾರ್ಡ್ ಕಳಿಸಿತ್ತು. ಕಾರ್ಡ್ ಬಂದಿದೆ ಅಂದರೆ ಹಕ್ಕು ಬಂದಿದೆ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಪೊಲೀಸರ ಮೈಮೇಲಿನ ಕ್ಯಾಮೆರಾದ ದೃಶ್ಯಗಳು ಆಮೇಲೆ ಹೊರಬಂದವು. ಬೆಳಗಿನ ಹೊತ್ತು, ಮನೆ ಮುಂದೆ, ಕೈ ಹಿಂದಕ್ಕೆ ಕಟ್ಟಿಸಿಕೊಂಡು ನಿಂತ ಜನ. ವೋಟು ಹಾಕಿದ್ದಕ್ಕೆ ಬಂಧನ ಅಂದಾಗ ಅವರ ಮುಖದಲ್ಲಿ ಮೊದಲು ಕಾಣುವುದು ಸಿಟ್ಟಲ್ಲ, ಅರ್ಥವಾಗದ ಬೆರಗು. ನನಗೆ ಹಕ್ಕಿಲ್ಲ ಅಂದರೆ ಹಾಕಲು ಯಾಕೆ ಬಿಟ್ಟರು ಅಂತ ಒಬ್ಬರು ಕೇಳುತ್ತಾರೆ. ಬಂಧಿಸಲು ಬಂದ ಪೊಲೀಸರ ದನಿಯಲ್ಲೂ ಮುಜುಗರ ಕೇಳಿಸುತ್ತದೆ. ಮುಂದೆ ಇವುಗಳಲ್ಲಿ ಹಲವು ಕೇಸುಗಳು ಕೋರ್ಟಿನಲ್ಲಿ ವಜಾ ಆದವು. ಆದರೆ ಆ ದೃಶ್ಯ ಮಾಡಬೇಕಾದ ಕೆಲಸ ಮಾಡಿಯಾಗಿತ್ತು. ಹಕ್ಕು ನಿಜವಾಗಿಯೂ ಮರಳಿದ ಜನ ಕೂಡ, ಈ ತಾಪತ್ರಯವೇ ಬೇಡ ಅಂತ ದೂರ ಉಳಿಯಲು ಅಷ್ಟು ಸಾಕು. ನೋಂದಣಿ ಫಾರಂನಲ್ಲಿ ಸುಳ್ಳು ಹೇಳಿ ಸಹಿ ಹಾಕುವುದೇ ಒಂದು ಫೆಲನಿ, ಐದು ವರ್ಷದವರೆಗೆ ಜೈಲು. ತನ್ನ ಬಾಕಿ ಸೊನ್ನೆ ಅಂತ ಖಾತ್ರಿಯಿಲ್ಲದವರು ಆ ಫಾರಂ ಮೇಲೆ ಪೆನ್ನು ಇಡಲು ಹೆದರುವುದು ಸಹಜ.

ಉಳಿದ ರಾಜ್ಯಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೇಯ್ನ್ ಮತ್ತು ವರ್ಮಾಂಟ್‌ನಲ್ಲಿ ಹಕ್ಕು ಹೋಗುವುದೇ ಇಲ್ಲ, ಕೈದಿಗಳು ಅಂಚೆಯಲ್ಲಿ ವೋಟು ಕಳಿಸುತ್ತಾರೆ. ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಜೈಲಿನಿಂದ ಹೊರಬಂದ ಕೂಡಲೇ ಮರಳುತ್ತದೆ. 2023ರಲ್ಲಿ ಮಿನ್ನೆಸೋಟಾ ಈ ಗುಂಪಿಗೆ ಸೇರಿತು, ಅದರಿಂದ ಸುಮಾರು 55,000 ಜನರಿಗೆ ಅನುಕೂಲವಾಯಿತು. ಇನ್ನು ಕೆಲವು ಕಡೆ ಪರೋಲ್, ಪ್ರೊಬೇಷನ್ ಮುಗಿಯಬೇಕು. ವರ್ಜೀನಿಯಾದಲ್ಲಿ ಹಕ್ಕು ಕೊಡುವ ಅಧಿಕಾರ ಗವರ್ನರ್ ಕೈಯಲ್ಲಿತ್ತು. 2016ರಲ್ಲಿ ಟೆರಿ ಮೆಕಾಲಿಫ್ ಒಂದೇ ಆದೇಶದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನರಿಗೆ ಹಕ್ಕು ಕೊಟ್ಟರು. ಹೀಗೆ ಸಾಮೂಹಿಕವಾಗಿ ಕೊಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅವರು ಒಬ್ಬೊಬ್ಬರಿಗೂ ಬೇರೆ ಬೇರೆ ಆದೇಶ ಹೊರಡಿಸುತ್ತಾ ಹೋದರು. ಮಿಸಿಸಿಪಿಯಲ್ಲಿ ಒಬ್ಬ ವ್ಯಕ್ತಿಗೆ ಹಕ್ಕು ಮರಳಬೇಕಾದರೆ ಅವರ ಹೆಸರಿನಲ್ಲೇ ಒಂದು ಮಸೂದೆ ಬಂದು, ಶಾಸನಸಭೆಯ ಎರಡೂ ಮನೆಗಳಲ್ಲಿ ಮೂರನೇ ಎರಡು ಬಹುಮತ ಸಿಗಬೇಕು, ಇಲ್ಲವೇ ಗವರ್ನರ್ ಕ್ಷಮಾದಾನ ಕೊಡಬೇಕು. ಇಡೀ ದೇಶದಲ್ಲಿ 2016ರಲ್ಲಿ 61 ಲಕ್ಷ ಜನ ಹೀಗೆ ವೋಟು ಕಳೆದುಕೊಂಡಿದ್ದರು. 2024ರ ಹೊತ್ತಿಗೆ ಅದು 40 ಲಕ್ಷದ ಆಸುಪಾಸಿಗೆ ಇಳಿಯಿತು. ಒಳ್ಳೆಯ ಇಳಿಕೆ, ಆದರೆ ಉಳಿದವರೂ ಕಡಿಮೆಯೇನಲ್ಲ.

ಈ ಹರಕುಮುರುಕು ನಿಯಮಗಳು ಎಷ್ಟು ವಿಚಿತ್ರವಾಗಿ ಕೂಡಿಕೊಳ್ಳುತ್ತವೆ ಅನ್ನುವುದಕ್ಕೆ 2024ರ ಒಂದು ಉದಾಹರಣೆ. ಆ ವರ್ಷದ ಮೇ 30ರಂದು ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಟ್ರಂಪ್ 34 ಫೆಲನಿ ಆರೋಪಗಳಲ್ಲಿ ತಪ್ಪಿತಸ್ಥರು ಅಂತ ತೀರ್ಪಾಯಿತು. ಅವರು ಫ್ಲಾರಿಡಾದ ಮತದಾರರು. ಶಿಕ್ಷೆ ಬೇರೆ ರಾಜ್ಯದಲ್ಲಾಗಿದ್ದರೆ ಫ್ಲಾರಿಡಾ ಆ ರಾಜ್ಯದ ನಿಯಮವನ್ನೇ ನೋಡುತ್ತದೆ. ನ್ಯೂಯಾರ್ಕಿನಲ್ಲಿ ಜೈಲಿನ ಒಳಗಿದ್ದವರಿಗೆ ಮಾತ್ರ ವೋಟಿಲ್ಲ. ಟ್ರಂಪ್ ಜೈಲಿಗೆ ಹೋಗಲಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಪಾಮ್ ಬೀಚ್‌ನಲ್ಲಿ ಕಾನೂನುಬದ್ಧವಾಗಿಯೇ ವೋಟು ಹಾಕಿದರು. ಅವರು ಹಾಕಿದ್ದರಲ್ಲಿ ತಪ್ಪಿಲ್ಲ, ಹಾಕಬೇಕಾದದ್ದೇ. ನನ್ನ ಮಾತು ಇಷ್ಟೇ: ಅದೇ ಮತಗಟ್ಟೆಯ ಪಕ್ಕದ ಬೀದಿಯಲ್ಲಿ, ಫ್ಲಾರಿಡಾದಲ್ಲೇ ಶಿಕ್ಷೆಯಾಗಿ, ಜೈಲುವಾಸ ಮುಗಿಸಿ, ಕೆಲವು ನೂರು ಡಾಲರ್ ಫೀಸು ಬಾಕಿ ಇರುವ ಒಬ್ಬರಿಗೆ ಆ ಅವಕಾಶ ಇರಲಿಲ್ಲ.

ನಮ್ಮ ಕಡೆಯ ಕಾನೂನಿನ ಬಗ್ಗೆಯೂ ಒಂದು ಮಾತು. ಅಮೆರಿಕದವರನ್ನು ನೋಡಿ ನಾವೇ ಮೇಲು ಅಂದುಕೊಳ್ಳುವ ಮೊದಲು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ನೋಡಬೇಕು. ಜೈಲಿನಲ್ಲಿರುವ ಯಾರೂ ವೋಟು ಹಾಕುವಂತಿಲ್ಲ ಅಂತ ಅದು ಹೇಳುತ್ತದೆ. ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವರಿಗೆ ಮಾತ್ರ ವಿನಾಯಿತಿ. ನಮ್ಮ ಜೈಲುಗಳಲ್ಲಿರುವ ಬಹುಪಾಲು ಜನ ವಿಚಾರಣಾಧೀನ ಕೈದಿಗಳು. ತಪ್ಪು ಸಾಬೀತಾಗಿಲ್ಲ, ಶಿಕ್ಷೆಯಾಗಿಲ್ಲ, ಆದರೂ ವೋಟಿಲ್ಲ. ಪರಪ್ಪನ ಅಗ್ರಹಾರದಲ್ಲಿ ಜಾಮೀನಿಗೆ ಶ್ಯೂರಿಟಿ ಕೊಡುವವರಿಲ್ಲದೆ ಕೂತಿರುವ ಬಡ ಹುಡುಗ ವೋಟು ಹಾಕಲಾರ. ಶಿಕ್ಷೆಯಾಗಿ ಜಾಮೀನಿನ ಮೇಲೆ ಹೊರಗಿರುವ ಶ್ರೀಮಂತ ಹಾಕಬಹುದು. ಸುಪ್ರೀಂ ಕೋರ್ಟು 1997ರಲ್ಲಿ ಈ ಕಲಮನ್ನು ಎತ್ತಿಹಿಡಿದಿದೆ. ಅಲ್ಲಿ ತೊಂದರೆ ಬಿಡುಗಡೆಯ ನಂತರ, ನಮ್ಮಲ್ಲಿ ತೀರ್ಪಿಗೂ ಮೊದಲು. ಎರಡೂ ಕಡೆ ಕೈಯಲ್ಲಿ ಕಾಸಿಲ್ಲದವರಿಗೇ ಪೆಟ್ಟು.

ಅಮೆರಿಕದ ಪೌರತ್ವ ಪಡೆದು ಟ್ಯಾಂಪಾದಲ್ಲೋ ಒರ್ಲ್ಯಾಂಡೋದಲ್ಲೋ ನೆಲೆಸಿರುವ ಕನ್ನಡಿಗರಿಗೂ ಇದೇ ಫ್ಲಾರಿಡಾ ಕಾನೂನು. ಅಂಥ ಯಾರ ಮನೆಯಲ್ಲಾದರೂ ಹಳೆಯ ಕೇಸಿನ ದಾಖಲೆ ಇದ್ದರೆ, ಫಾರಂ ತುಂಬುವ ಮೊದಲು ಮಾಡಬೇಕಾದ್ದು ಇಷ್ಟು. ಮೊದಲು, ಶಿಕ್ಷೆ ಯಾವ ರಾಜ್ಯದಲ್ಲಾಯಿತು ಅಂತ ನೋಡಬೇಕು. ಬೇರೆ ರಾಜ್ಯದ್ದಾದರೆ ಅಲ್ಲಿನ ನಿಯಮ. ಫ್ಲಾರಿಡಾದ್ದೇ ಆದರೆ ಯಾವ ಕೌಂಟಿಯಲ್ಲಿ ಆಯಿತೋ ಅಲ್ಲಿನ ಗುಮಾಸ್ತರ ಕಚೇರಿಯಿಂದ ಶಿಕ್ಷೆಯ ಆದೇಶದ ಪ್ರತಿ ತೆಗೆಸಬೇಕು. ಕಟ್ಟಬೇಕಾದ ಮೊತ್ತ ಆ ಆದೇಶದಲ್ಲೇ ಇರಬೇಕು. ಆಮೇಲೆ ಸೇರಿದ ಬಡ್ಡಿ, ವಸೂಲಿ ಕಂಪನಿಯ ಶುಲ್ಕ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಿದ ರಸೀದಿಗಳು ಇದ್ದರೆ ಜೋಪಾನ. ಬಾಕಿ ಇದ್ದು ಕಟ್ಟಲಾಗದಿದ್ದರೆ ಕೋರ್ಟಿಗೆ ಮನ್ನಾ ಕೇಳಬಹುದು. ಅನುಮಾನ ಉಳಿದರೆ ರಾಜ್ಯದ ಚುನಾವಣಾ ವಿಭಾಗಕ್ಕೆ ಬರೆದು ಅಭಿಪ್ರಾಯ ಕೇಳಬಹುದು, ಬಂದ ಉತ್ತರವನ್ನು ಎತ್ತಿಟ್ಟುಕೊಳ್ಳಬೇಕು. ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ ಇದ್ಯಾವುದೂ ಬರುವುದಿಲ್ಲ, ಅವರಿಗೆ ವೋಟೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಅಂಚೆಯಲ್ಲಿ ಮತದಾರರ ಕಾರ್ಡ್ ಬರುತ್ತದೆ. 2022ರ ಬಂಧನಗಳ ಮರುವರ್ಷ, 2023ರಲ್ಲಿ, ಫ್ಲಾರಿಡಾದ ಶಾಸನಸಭೆ ಆ ಕಾರ್ಡಿನ ಮೇಲೆ ಹೊಸದಾಗಿ ಒಂದು ಸೂಚನೆ ಅಚ್ಚು ಹಾಕಿಸಬೇಕು ಅಂತ ಕಾನೂನು ಮಾಡಿತು. ಈ ಕಾರ್ಡ್ ಮಾಹಿತಿಗಾಗಿ ಮಾತ್ರ, ವೋಟು ಹಾಕಲು ನಿಮಗೆ ಅರ್ಹತೆ ಇದೆ ಅನ್ನುವುದಕ್ಕೆ ಇದು ಪುರಾವೆ ಅಲ್ಲ ಅನ್ನುವುದೇ ಅದರ ಸಾರ.